ಅಂಗಮರ್ದನ: ಸ್ವಂತ ವೃತ್ತಿಯೊಂದರ ಯೋಜನೆ

ಕಾಲೇಜಿನ ಉಪಾಧ್ಯಾಯರಾದ ನಮ್ಮ ಬಳಿಗೆ ಹಳೆಯ ವಿದ್ಯಾರ್ಥಿಗಳು ಬಂದು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಯಾವ ಪರೀಕ್ಷೆಗೆ ಕಟ್ಟಬೇಕು, ಯಾರಿಗೆ ಅರ್ಜಿ ಹಾಕಬೇಕು, ಯೋಗ್ಯತಾಪತ್ರವೊಂದನ್ನು ಬರೆದುಕೊಡುವಿರಾ ಎಂಬಷ್ಟರಲ್ಲಿ ಮಾತು ಮುಗಿಯುತ್ತದೆ. ಆದರೆ ಈಚೆಗೆ ಬಂದ ಒಬ್ಬನ ಪ್ರಶ್ನೆ ಬೇರೆಯಾಗಿತ್ತು. ಈತನು ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯವನು. ಓದುತ್ತಿದ್ದಾಗ ಕುಸ್ತಿಯ ಕಣದಲ್ಲಿ ಹೆಸರು ಮಾಡಿದ್ದನಲ್ಲದೆ ತರಗತಿಯಲ್ಲಿ ಅಷ್ಟಾಗಿ ಮಾಡಿದವನಲ್ಲ. ಬಿ.ಎ. ಮುಗಿಸಿ, ಪ್ರಕೃತಿಚಿಕಿತ್ಸಾಲಯವೊಂದರಲ್ಲಿ ಅಂಗಮರ್ದನವನ್ನು ಕಲಿತು, ಬೆಂಗಳೂರಿನಲ್ಲಿ ಎಂಟು ವರ್ಷ ಅದೇ ಕೆಲಸದಲ್ಲಿದ್ದನು. ಈಗ ಊರಿಗೆ ಹಿಂದಿರುಗಬೇಕೆಂದು ಅವನ ಮನಸ್ಸು. "ಗುರುಗಳೇ, ಊರಾಗ ಒಂದು ಸಣ್ಣ ಜಾಗಾ ಹಿಡಿದು ಇದನ್ನ ಸ್ವಂತ ಶುರು ಮಾಡಬೇಕಂತ ಮಾಡೀನ್ರಿ. ಅವ್ವ ಹೊಲದ ಮ್ಯಾಲ ಸಾಲ ತಗಿ ಅಂತಾಳ. ಆದರ ಮಂದಿ ಏನಂದಾರೋ ಅನ್ನೋದ ದೊಡ್ಡ ಚಿಂತಿ ಆಗೇತ್ರಿ" ಎಂದನು. ಎರಡು ಸಂಜೆ ಕಾಗದ ಪೆನ್ಸಿಲುಗಳನ್ನು ಹಿಡಿದು ಅವನೊಡನೆ ಕುಳಿತೆವು. ಅಲ್ಲಿ ನಡೆದ ಆಲೋಚನೆಯನ್ನು ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ. ಪಟ್ಟಣದವರಿಗೂ ಇದರಿಂದ ಪ್ರಯೋಜನವಿದ್ದೀತು. ಏಕೆಂದರೆ ಮೈಕೈ ನೋಯದವರು ಪಟ್ಟಣದಲ್ಲಿಯೂ ಇಲ್ಲ.

ಅವನ ಎರಡು ಚಿಂತೆಗಳಲ್ಲಿ, ಸಾಲದ ಚಿಂತೆಗಿಂತ ಮಂದಿಯ ಮಾತಿನ ಚಿಂತೆಯೇ ಹೆಚ್ಚು ಭಾರವಾದುದೆಂದು ನಮಗೆ ತೋರಿತು. ಈ ವೃತ್ತಿಗೆ ಬೇಕಾದ ಸಾಮಾನು ಅತ್ಯಲ್ಪ. ಒಂದು ಹಲಗೆ, ನಾಲ್ಕು ಬಟ್ಟೆ, ಒಂದು ಗಿಂಡಿ ಎಣ್ಣೆ, ಎರಡು ಕೈ. ಆದರೆ ಬಟ್ಟೆಯನ್ನು ಕಳಚಿ, ಕಣ್ಣು ಮುಚ್ಚಿ, ಬೆನ್ನು ತೋರಿಸಿ ಮಲಗುವಷ್ಟು ನಂಬಿಕೆಯನ್ನು ಅಪರಿಚಿತನಲ್ಲಿ ಯಾರೂ ಸುಮ್ಮನೆ ಇಡುವುದಿಲ್ಲ. ಬೆಂಗಳೂರಿನಲ್ಲಿ ಒಬ್ಬ ಗಿರಾಕಿ ಬಾರದೆ ಹೋದರೆ ಇನ್ನೊಬ್ಬನು ಬರುತ್ತಾನೆ. ಹಂಸಭಾವಿಯಂಥ ಊರಿನಲ್ಲಿ ಒಬ್ಬನು ಮುಖ ಸಿಂಡರಿಸಿಕೊಂಡು ಹೊರಗೆ ಬಂದರೆ ಸಂತೆಯ ದಿನದೊಳಗೆ ಸುತ್ತಣ ಹಳ್ಳಿಗಳಿಗೆಲ್ಲ ಅದು ತಿಳಿದುಹೋಗುತ್ತದೆ. ಆದುದರಿಂದ ಯೋಜನೆಯೆಂಬುದು ಹಣದ ಲೆಕ್ಕದಿಂದಲ್ಲ, ಹೆಸರಿನ ಲೆಕ್ಕದಿಂದ ಮೊದಲಾಗಬೇಕು ಎಂದು ನಾವು ಅವನಿಗೆ ಹೇಳಿದೆವು.

ಈ ವಿದ್ಯೆಯು ನಮ್ಮ ನಾಡಿಗೆ ಹೊಸತಲ್ಲ. ಶೂದ್ರಕನ ಮೃಚ್ಛಕಟಿಕವನ್ನು ಓದಿದವರಿಗೆ ಸಂವಾಹಕನೆಂಬ ಪಾತ್ರದ ನೆನಪಿದ್ದೇ ಇರುತ್ತದೆ. ಪಾಟಲಿಪುತ್ರದಲ್ಲಿ ಹುಟ್ಟಿದ ಆತನು ಅಂಗಮರ್ದನವನ್ನು ಒಂದು ಕಲೆಯೆಂದು ಕಲಿತು, ಅದು ಕಡೆಗೆ ಹೊಟ್ಟೆಪಾಡಾಯಿತೆಂದು ವಸಂತಸೇನೆಯ ಮುಂದೆ ಹೇಳಿಕೊಳ್ಳುತ್ತಾನೆ. ಒಡೆಯನಾದ ಚಾರುದತ್ತನು ಬಡವನಾದ ಮೇಲೆ ಅವನು ಜೂಜಿಗೆ ಬಿದ್ದುದು ಬೇರೆ ಮಾತು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ನಿತ್ಯವೂ ಅಭ್ಯಂಗ ಮಾಡಿಕೊಳ್ಳಬೇಕೆಂದೂ, ತಲೆ ಕಿವಿ ಪಾದಗಳಿಗೆ ವಿಶೇಷವಾಗಿ ಎಣ್ಣೆಯನ್ನು ಹಚ್ಚಬೇಕೆಂದೂ ವಿಧಿಸಿದ್ದಾನೆ. ಅಜೀರ್ಣವಿರುವವನಿಗೆ ಕೂಡದೆಂದು ಅಲ್ಲಿಯೇ ನಿಷೇಧವನ್ನೂ ಹೇಳಿದ್ದಾನೆ. ಈ ನಿಷೇಧದ ಮಾತಿಗೆ ನಾವು ಮತ್ತೆ ಬರಬೇಕಾಗಿದೆ. ಹಂಸಭಾವಿಯ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅರಸನ ಸ್ನಾನಭೋಗದ ಮಾತೂ ಉಂಟು, ಮಲ್ಲರ ವಿನೋದದ ಮಾತೂ ಉಂಟು. ಇನ್ನು ಮೈಸೂರಿನವರಿಗೆ ದಸರೆಯ ವಜ್ರಮುಷ್ಟಿ ಕಾಳಗದ ಜೆಟ್ಟಿಗಳನ್ನು ನಾವು ಪರಿಚಯ ಮಾಡಿಸಬೇಕಾಗಿಲ್ಲ. ಉಳುಕು ತೆಗೆಯುವುದರಲ್ಲಿಯೂ ಮೂಳೆ ಕೂಡಿಸುವುದರಲ್ಲಿಯೂ ಆ ಮನೆತನದವರು ಹೆಸರಾದವರು. ಗರಡಿಮನೆಯೆಂದರೆ ಕೆಮ್ಮಣ್ಣು ಎಷ್ಟೋ ಎಣ್ಣೆಯೂ ಅಷ್ಟೇ.

ಹೀಗಿದ್ದೂ ಈ ಕೆಲಸದ ಹೆಸರು ಕೆಟ್ಟಿದೆಯೆಂಬುದನ್ನು ಮರೆಮಾಚಿ ಫಲವಿಲ್ಲ. ದೊಡ್ಡ ಪಟ್ಟಣಗಳಲ್ಲಿ ಸ್ಪಾ ಎಂಬ ಹಲಗೆಯನ್ನು ಹೊರಗೆ ಹಾಕಿ ಒಳಗೆ ಬೇರೆ ವ್ಯಾಪಾರ ನಡೆಸಿದವರ ಮೇಲೆ ಪೋಲೀಸರು ದಾಳಿ ಮಾಡಿದ ವರದಿಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದಾರೆ. ಹಂಸಭಾವಿಯ ಜನರೂ ಓದಿದ್ದಾರೆ. ನಮ್ಮ ವಿದ್ಯಾರ್ಥಿಯು ಇದನ್ನು ಹೇಳಿ ತಲೆ ತಗ್ಗಿಸಿದಾಗ ನಾವು ಅವನಿಗೆ ಇಂಗ್ಲೆಂಡಿನ ಒಂದು ಕಥೆಯನ್ನು ಹೇಳಿದೆವು. ೧೮೯೪ರ ಸುಮಾರಿನಲ್ಲಿ ಲಂಡನ್ನಿನಲ್ಲಿಯೂ ಸ್ಥಿತಿ ಹೀಗೆಯೇ ಇದ್ದಿತು. ಅಂಗಮರ್ದನದ ಮನೆಗಳೆಂಬ ಹೆಸರಿನಲ್ಲಿ ಅನಾಚಾರ ನಡೆಯುತ್ತಿದೆಯೆಂದು ಅಲ್ಲಿನ ವೈದ್ಯರ ಪ್ರಸಿದ್ಧ ಪತ್ರಿಕೆಯೇ ಬರೆಯಿತು. ಆಗ ಪ್ರಾಮಾಣಿಕವಾಗಿ ಈ ಕೆಲಸ ಮಾಡುತ್ತಿದ್ದ ದಾದಿಯರು ನಾಲ್ವರು, ಲೂಸಿ ರಾಬಿನ್ಸನ್, ರೊಸಲಿಂಡ್ ಪೇಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬುವರು, ಅದೇ ವರ್ಷ ಒಂದು ಸಂಘವನ್ನು ಕಟ್ಟಿದರು. ವೈದ್ಯರ ಸೂಚನೆಯಿಲ್ಲದೆ ಯಾರ ಮೈಯನ್ನೂ ಮುಟ್ಟಕೂಡದು, ಸಾಮಾನ್ಯ ಪತ್ರಿಕೆಗಳಲ್ಲಿ ಜಾಹೀರಾತು ಕೊಡಕೂಡದು ಎಂಬಂಥ ಕಟ್ಟುನಿಟ್ಟಾದ ನಿಯಮಗಳನ್ನು ತಮಗೆ ತಾವೇ ವಿಧಿಸಿಕೊಂಡರು, ಪರೀಕ್ಷೆಯನ್ನು ಏರ್ಪಡಿಸಿದರು. ೧೯೨೦ರಲ್ಲಿ ಆ ಸಂಘಕ್ಕೆ ರಾಜಶಾಸನದ ಮನ್ನಣೆ ದೊರೆಯಿತು. ಇಂದು ಫಿಸಿಯೋಥೆರಪಿಯೆಂದು ನಾವು ಆಸ್ಪತ್ರೆಗಳಲ್ಲಿ ಕಾಣುವ ಗೌರವಸ್ಥ ವೃತ್ತಿಗೆ ಆ ದೇಶದಲ್ಲಿ ಅದೇ ಸಂಘವು ಬುಡವಾಯಿತು. ಅಪವಾದ ಬಂದಾಗ ಅವರು ಕೆಲಸವನ್ನು ಬಿಡಲಿಲ್ಲ. ಬಾಗಿಲು ಹೇಗಿರಬೇಕು, ಪುಸ್ತಕ ಹೇಗಿರಬೇಕು ಎಂಬುದನ್ನು ಗೊತ್ತುಮಾಡಿದರು. ಕಥೆ ಕೇಳಿ ಹುಡುಗನು ಸ್ವಲ್ಪ ನೆಟ್ಟಗೆ ಕುಳಿತನು.

ಹಾಗಾದರೆ ಮೊದಲನೆಯ ಕೆಲಸ ಹಲಗೆಯ ಮೇಲೆ ಏನು ಬರೆಸಬೇಕೆಂಬುದು. ಇದು ಕ್ಷುಲ್ಲಕವೆಂದು ತಿಳಿಯತಕ್ಕದ್ದಲ್ಲ. ಕಾಯಿದೆಯೆಲ್ಲವೂ ಇದರಲ್ಲಿಯೇ ಅಡಗಿದೆ. ಅವನು ಬರೆದುಕೊಂಡು ಬಂದಿದ್ದ ಹೆಸರಿನಲ್ಲಿ 'ಪಂಚಕರ್ಮ', 'ಚಿಕಿತ್ಸಾ', 'ಕೇಂದ್ರ' ಎಂಬ ಮೂರು ಮಾತುಗಳೂ ಇದ್ದವು. ಮೊದಲಿನ ಎರಡನ್ನು ನಾವು ಹೊಡೆದುಹಾಕಿಸಿದೆವು. ಚಿಕಿತ್ಸೆ ಮಾಡುವವನು ವೈದ್ಯ. ಆಯುರ್ವೇದದ ವೈದ್ಯನಾಗಲಿ ಪ್ರಕೃತಿಚಿಕಿತ್ಸೆಯ ವೈದ್ಯನಾಗಲಿ ಐದೂವರೆ ವರ್ಷ ಓದಿ ಪದವಿ ಪಡೆದು ತನ್ನ ಹೆಸರನ್ನು ನೋಂದಾಯಿಸಿಕೊಂಡಿರುತ್ತಾನೆ. ಕೆಲವು ತಿಂಗಳ ಶಿಕ್ಷಣವನ್ನು ಪಡೆದ ಮರ್ದನಕಾರನು ಎಷ್ಟೇ ನಿಪುಣನಾದರೂ ಆ ಮಾತನ್ನು ಎತ್ತಿಕೊಳ್ಳಕೂಡದು. ಕರ್ನಾಟಕದ ೨೦೦೭ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ಚಿಕಿತ್ಸಾಲಯವೂ ಫಿಸಿಯೋಥೆರಪಿಯ ಕೇಂದ್ರವೂ ನೋಂದಣಿಯಾಗಬೇಕು. ಚಿಕಿತ್ಸೆಯೆಂದು ಬರೆಸಿದವನು ಆ ನೋಂದಣಿಯನ್ನೂ ಅದಕ್ಕೆ ಬೇಕಾದ ವೈದ್ಯನನ್ನೂ ತೋರಿಸಬೇಕಾಗುತ್ತದೆ. ಎಣ್ಣೆಯ ವಿಷಯದಲ್ಲಿಯೂ ಹೀಗೆಯೇ. ತಾನೇ ಬೇರು ಸೊಪ್ಪುಗಳನ್ನು ಕುದಿಸಿ ಔಷಧದ ತೈಲವನ್ನು ಮಾಡಿ ಸೀಸೆಯಲ್ಲಿ ತುಂಬಿ ಮಾರಬೇಕಾದರೆ ೧೯೪೦ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮದ ಮೇರೆಗೆ ಪರವಾನಗಿ ಬೇಕು. ಈ ಎಣ್ಣೆಯಿಂದ ಪಾರ್ಶ್ವವಾಯು ಹೋಗುತ್ತದೆ, ಸಂಧಿವಾತ ಹೋಗುತ್ತದೆ, ಬೊಜ್ಜು ಕರಗುತ್ತದೆ ಎಂದು ಗೋಡೆಯ ಮೇಲೆ ಬರೆಸುವುದು ೧೯೫೪ರ ಆಕ್ಷೇಪಾರ್ಹ ಜಾಹೀರಾತುಗಳ ಅಧಿನಿಯಮಕ್ಕೆ ವಿರೋಧ. ಊರೂರಿನ ಬಸ್‌ ನಿಲ್ದಾಣಗಳ ಗೋಡೆಗಳನ್ನು ನೋಡಿದರೆ ಈ ಅಧಿನಿಯಮವನ್ನು ಓದಿದವರು ನಾವೊಬ್ಬರೇ ಏನೋ ಎಂಬ ಸಂದೇಹ ಬರುತ್ತದೆ. ಆದರೂ ಕಾಯಿದೆ ಕಾಯಿದೆಯೇ. ಸ್ಥಳೀಯ ಸಂಸ್ಥೆಯ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ೧೯೬೧ರ ಅಧಿನಿಯಮದ ವಿಷಯವಾಗಿ ಕಾರ್ಮಿಕ ಇಲಾಖೆಯಲ್ಲಿ ವಿಚಾರಣೆ, ಸಣ್ಣ ಉದ್ಯಮಗಳಿಗೆಂದು ೨೦೨೦ರಲ್ಲಿ ಆರಂಭವಾದ ಉದ್ಯಮ್ ನೋಂದಣಿ, ಇವುಗಳನ್ನು ಬಾಗಿಲು ತೆರೆಯುವುದಕ್ಕೆ ಮುಂಚೆಯೇ ಮುಗಿಸಿ ಕಾಗದಗಳನ್ನು ಗೋಡೆಗೆ ತೂಗುಹಾಕುವುದು ಲೇಸು.

ಕಡೆಗೆ ನಿಂತ ಹೆಸರು 'ಅಭ್ಯಂಗ ಮತ್ತು ಅಂಗಮರ್ದನ ಕೇಂದ್ರ' ಎಂಬುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಇಲ್ಲಿ ರೋಗಕ್ಕೆ ಚಿಕಿತ್ಸೆ ಇಲ್ಲ'. ಹೀಗೆ ಬರೆಸಿದರೆ ಯಾರು ಬಂದಾರೆಂದು ಅವನು ಕೇಳಿದನು. ಈ ಪ್ರಶ್ನೆಗೆ ಉತ್ತರವನ್ನು ಅವನ ಊರಿನಲ್ಲಿಯೇ ಹುಡುಕಬೇಕಾಯಿತು.

ಹಿರೇಕೆರೂರಿನ ಸೀಮೆಯೆಂದರೆ ಗೋವಿನಜೋಳ ಮತ್ತು ಹತ್ತಿಯ ಸೀಮೆ. ರಾಣೆಬೆನ್ನೂರಿನ ಕಡೆಯಲ್ಲಿರುವಂತೆ ಅಲ್ಲಿಯೂ ಬೀಜೋತ್ಪಾದನೆಯ ಹೊಲಗಳುಂಟು. ಸಂಕರ ಹತ್ತಿಯ ಬೀಜವು ಯಂತ್ರದಿಂದ ಆಗುವಂಥದಲ್ಲ. ಸಂಜೆ ಒಂದೊಂದು ಮೊಗ್ಗಿನಿಂದಲೂ ಗಂಡುಭಾಗವನ್ನು ಉಗುರಿನಿಂದ ಬಿಡಿಸಿಹಾಕಿ, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗವನ್ನು ಮುಟ್ಟಿಸಬೇಕು. ಈ ಕ್ರಾಸಿಂಗ್ ಕೆಲಸವನ್ನು ಬಹುಮಟ್ಟಿಗೆ ಹೆಂಗಸರು ಮಾಡುತ್ತಾರೆ. ತಿಂಗಳುಗಟ್ಟಲೆ ಬಗ್ಗಿ ನಿಂತ ಸೊಂಟ, ಎತ್ತಿದ ಕೈಯ ಹೆಗಲು, ಉಗುರಿನ ಬುಡ, ಇವು ಹೇಗೆ ನೋಯುತ್ತವೆಂಬುದನ್ನು ಅವನು ತನ್ನ ತಾಯಿಯನ್ನು ನೋಡಿ ಬಲ್ಲನು. ಇನ್ನು ಟ್ರ್ಯಾಕ್ಟರು ನಡೆಸುವವರು, ಗೋವಿನಜೋಳದ ಚೀಲ ಹೊರುವ ಹಮಾಲರು, ಊರಿನ ಶಾಲೆ ಕಾಲೇಜುಗಳ ಮೇಷ್ಟ್ರುಗಳು, ದಿನವೂ ದ್ವಿಚಕ್ರವಾಹನದಲ್ಲಿ ಹಾವೇರಿಗೋ ಹಿರೇಕೆರೂರಿಗೋ ಓಡಾಡುವ ನೌಕರರು, ಜಾತ್ರೆಯ ಕುಸ್ತಿಗೆ ಮೈ ಹದಮಾಡಿಕೊಳ್ಳುವ ಹುಡುಗರು. ಬೆಂಗಳೂರಿನಲ್ಲಿ ಸುಖಕ್ಕಾಗಿ ಬರುವವರೇ ಹೆಚ್ಚು. ಇಲ್ಲಿ ದಣಿವಿಗಾಗಿ ಬರುವವರು ಹೆಚ್ಚು. ಆದಕಾರಣ ಸುಗಂಧದ ದೀಪ, ಹರಿಯುವ ನೀರಿನ ಶಬ್ದ ಮೊದಲಾದ ಆಡಂಬರಗಳಿಗೆ ಹಣ ಹಾಕಬೇಕಾಗಿಲ್ಲ. ಒಂದು ಗಂಟೆಯ ಪೂರ್ಣ ಅಭ್ಯಂಗಕ್ಕಿಂತ ಅರ್ಧ ಗಂಟೆಯ ಬೆನ್ನು ಕಾಲುಗಳ ಮರ್ದನಕ್ಕೆ ಹೆಚ್ಚು ಜನ ಬಂದಾರು. ಬಾಣಂತಿ ಮತ್ತು ಕೂಸಿನ ಎಣ್ಣೆನೀರು ಊರಿನ ಹಿರಿಯ ಹೆಂಗಸರ ಕೈಯಲ್ಲಿದೆ. ಅದರ ತಂಟೆಗೆ ಹೋಗುವುದು ಬೇಡವೆಂದೂ ನಿರ್ಧರಿಸಿದೆವು.

ಆದರೆ ಹೆಂಗಸರ ವಿಷಯದಲ್ಲಿ ಒಂದು ದೊಡ್ಡ ತೊಡಕುಂಟು. ದಣಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಗಸರು. ಅವರನ್ನು ಅವನು ಮುಟ್ಟುವಂತಿಲ್ಲ. ಇದು ಊರಿನ ಮರ್ಯಾದೆ ಮಾತ್ರವಲ್ಲ, ವೃತ್ತಿಯ ಮರ್ಯಾದೆಯೂ ಹೌದು. ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು ಎಂಬ ನಿಯಮವನ್ನು ಒಂದು ದಿನವೂ, ಯಾರ ಮುಲಾಜಿಗೂ, ಸಡಲಿಸಕೂಡದು. ಅವನ ಹೆಂಡತಿ ಪಿ.ಯು.ಸಿ. ಓದಿದವಳು, ಈ ಕೆಲಸದಲ್ಲಿ ಆಸಕ್ತಿಯುಳ್ಳವಳು. ಅವಳು ಶಾಸ್ತ್ರೋಕ್ತವಾಗಿ ಕಲಿತು ಬರುವ ತನಕ ಹೆಂಗಸರ ವಿಭಾಗವನ್ನು ತೆರೆಯುವುದೇ ಇಲ್ಲವೆಂದು ಗೊತ್ತಾಯಿತು. ತಾನೇ ನಾಲ್ಕು ದಿನದಲ್ಲಿ ಹೇಳಿಕೊಡುತ್ತೇನೆಂದು ಅವನು ಹೇಳಿದನಾದರೂ ನಾವು ಒಪ್ಪಲಿಲ್ಲ. ಪತಿಯೇ ಗುರುವಾದರೆ ಕಲಿಕೆಯ ನಡುವೆ ಅಡಿಗೆಮನೆಯ ವಾದಗಳು ಬಂದು ಸೇರುತ್ತವೆ.

ಕೊಠಡಿಯ ವಿಚಾರಕ್ಕೆ ಬರೋಣ. ಮುಖ್ಯ ಬೀದಿಯಿಂದ ಕಾಣುವ ಬಾಗಿಲಿರಬೇಕು. ಹಿತ್ತಲ ಸಂದಿಯ ಕಡಮೆ ಬಾಡಿಗೆಯ ಕೋಣೆಯು ಕಡೆಗೆ ದುಬಾರಿಯಾಗುತ್ತದೆ. ಮುಂದೆ ಒಂದು ಕೋಣೆ. ಅಲ್ಲಿ ಮನೆಯ ಹಿರಿಯರೊಬ್ಬರು ಯಾವಾಗಲೂ ಕುಳಿತಿರಬೇಕು. ಒಳಗಿನ ಕೋಣೆಗೆ ದಪ್ಪ ಪರದೆಯಿರಲಿ, ಚಿಲಕ ಬೇಡ. ಮಲಗಿದವನ ಮೇಲೆ ಒಂದು ದೊಡ್ಡ ಹಚ್ಚಡ ಹೊದ್ದಿರಬೇಕು. ಮರ್ದನ ಮಾಡುವ ಅಂಗವನ್ನು ಮಾತ್ರ ತೆರೆದು, ಮುಗಿದೊಡನೆ ಮುಚ್ಚಬೇಕು. ಆರಂಭಿಸುವ ಮುನ್ನ ಎಲ್ಲೆಲ್ಲಿ ತಿಕ್ಕುತ್ತೇನೆಂದು ಹೇಳಿ ಒಪ್ಪಿಗೆಯನ್ನು ಕೇಳಬೇಕು. ಬೇಡವೆಂದ ಕಡೆ ಕೈಯಿಡಬಾರದು. ಹಲಗೆಯು, ಅಂದರೆ ವೈದ್ಯಶಾಲೆಗಳಲ್ಲಿ ದ್ರೋಣಿಯೆನ್ನುವ ಎಣ್ಣೆಮಣೆಯು, ನಿಂತವನು ಕೈಗಳನ್ನು ಇಳಿಬಿಟ್ಟಾಗ ಬೆರಳಿನ ಗೆಣ್ಣುಗಳು ತಾಕುವಷ್ಟು ಎತ್ತರವಿದ್ದರೆ ಕೆಲಸಗಾರನ ಸೊಂಟ ಉಳಿಯುತ್ತದೆ. ಬೇವಿನ ಮರದಲ್ಲಿ ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಅದನ್ನು ತಲೆ ಉತ್ತರಕ್ಕೆ ಬರುವಂತೆ ಹಾಕಿದರೆ ನಮ್ಮ ಕಡೆಯ ವೃದ್ಧರು ಯಾರೂ ಮಲಗುವುದಿಲ್ಲ. ಮೊದಲು ದಿಕ್ಕು ನೋಡಿ ಅನಂತರ ನೀರಿನ ಕೊಳವೆಯನ್ನು ತೋಡಿಸಬೇಕು. ನೆಲಕ್ಕೆ ನುಣುಪುಕಲ್ಲು ಬೇಡ, ಒರಟುಕಲ್ಲು. ಎಣ್ಣೆ ಬಿದ್ದ ನುಣುಪು ನೆಲದಲ್ಲಿ ಜಾರಿದ ಗಿರಾಕಿಯ ಸೊಂಟವನ್ನು ಯಾವ ಮರ್ದನವೂ ಸರಿಮಾಡದು.

ಎಣ್ಣೆಯ ಬಟ್ಟೆಗಳ ವಿಷಯವಾಗಿ ಒಂದು ಮಾತು, ಬಹುಜನರು ಅರಿಯದ್ದು. ಅಗಸೆ, ಕುಸುಬೆ ಮುಂತಾದ ಕೆಲವು ಎಣ್ಣೆಗಳು ಗಾಳಿಯೊಡನೆ ಸೇರಿ ಒಣಗುವಾಗ ಶಾಖವನ್ನು ಹುಟ್ಟಿಸುತ್ತವೆ. ಅಂಥ ಎಣ್ಣೆ ಹತ್ತಿದ ವಸ್ತ್ರಗಳನ್ನು ಮೂಲೆಯಲ್ಲಿ ಮುದ್ದೆಯಾಗಿ ಒಟ್ಟಿದರೆ ಆ ಶಾಖವು ಹೊರಹೋಗಲಾರದೆ ಬೆಳೆದು, ಕಿಡಿಯಿಲ್ಲದೆಯೇ ಬೆಂಕಿ ಹೊತ್ತುವುದುಂಟು. ಚೆನ್ನಾಗಿ ಒಗೆಯದೆ ಯಂತ್ರದಲ್ಲಿ ಬಿಸಿಯಾಗಿ ಒಣಗಿಸಿ ಮಡಿಸಿಟ್ಟ ವಸ್ತ್ರಗಳಿಂದಲೂ ಹೀಗಾಗಿದೆ. ಬಿಸಿನೀರು ಮತ್ತು ಸಾಬೂನಿನಿಂದ ಅಂದಂದೇ ಒಗೆದು ಬಿಸಿಲಿಗೆ ಹರಡುವುದು ಕ್ಷೇಮ. ಉತ್ತರ ಕರ್ನಾಟಕದಲ್ಲಿ ಕುಸುಬೆ ಎಣ್ಣೆ ಸುಲಭವಾಗಿ ಸಿಕ್ಕುವುದರಿಂದ ಇದನ್ನು ಹೇಳಿದೆವು. ನಿತ್ಯದ ಉಪಯೋಗಕ್ಕೆ ಎಳ್ಳೆಣ್ಣೆಯೂ ಕೊಬ್ಬರಿ ಎಣ್ಣೆಯೂ ಸಾಕು.

ಈಗ ಹಣದ ಲೆಕ್ಕ. ಕೆಳಗಿನ ಅಂಕಿಗಳು ನಾವಿಬ್ಬರೂ ಕೂಡಿ ಹಿಡಿದ ಅಂದಾಜುಗಳು. ಬೇರೆ ಊರಿನವರು ತಮ್ಮ ದರಗಳನ್ನು ಹಾಕಿಕೊಳ್ಳಬೇಕು. ಗೋಡೆ, ನೆಲ, ಕೊಳವೆಗಳ ರಿಪೇರಿಗೆ ೪೦,೦೦೦ ರೂಪಾಯಿ. ಮಣೆ, ಬೆಂಚು, ಬೀರುಗಳಿಗೆ ೨೫,೦೦೦. ಹಚ್ಚಡ ವಸ್ತ್ರಗಳಿಗೆ ೧೫,೦೦೦. ಬಿಸಿನೀರಿನ ಏರ್ಪಾಡಿಗೆ ೨೦,೦೦೦. ಎಣ್ಣೆಯ ದಾಸ್ತಾನಿಗೆ ೧೦,೦೦೦. ಪರವಾನಗಿ, ಹಲಗೆ, ಪುಸ್ತಕಗಳಿಗೆ ೧೦,೦೦೦. ಒಟ್ಟು ೧,೨೦,೦೦೦. ತಿಂಗಳ ಖರ್ಚಿನಲ್ಲಿ ಬಾಡಿಗೆ ೪,೦೦೦, ವಿದ್ಯುತ್ತು ಮತ್ತು ನೀರು ೧,೫೦೦, ಗುಡಿಸಿ ಒಗೆಯುವವರಿಗೆ ೨,೫೦೦, ಸಾಲದ ಕಂತು ೩,೫೦೦. ಜನ ಬಂದರೂ ಬಾರದಿದ್ದರೂ ಈ ೧೧,೫೦೦ ತಪ್ಪದು. ಒಬ್ಬರಿಗೆ ಒಂದು ಗಂಟೆಗೆ ೪೦೦ ರೂಪಾಯಿಯೆಂದೂ, ಅದರಲ್ಲಿ ಎಣ್ಣೆ ಸಾಬೂನುಗಳಿಗೆ ೬೦ ಹೋಗುತ್ತದೆಂದೂ ಇಟ್ಟುಕೊಂಡರೆ, ಉಳಿಯುವುದು ೩೪೦. ಹಾಗಾದರೆ ತಿಂಗಳಿಗೆ ೩೪ ಜನ ಬಂದ ದಿನ ಅಂಗಡಿ ತನ್ನ ಹೊಟ್ಟೆಯನ್ನು ತಾನು ಹೊರೆದುಕೊಳ್ಳುತ್ತದೆ. ಮನೆಯ ಹೊಟ್ಟೆಗೆ ಏನೂ ಇಲ್ಲ. ೫೦ ಜನ ಬಂದರೆ ಮನೆಗೆ ೫,೫೦೦.

ಗಿರಾಕಿಗಳು ಎಷ್ಟಾದರೂ ಹೆಚ್ಚಬಹುದಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಈ ವೃತ್ತಿಯು ಕಿರಾಣಿ ಅಂಗಡಿಗಿಂತ ಬೇರೆಯಾಗುವುದು. ಎರಡು ಕೈಗಳು ದಿನಕ್ಕೆ ನಾಲ್ಕು, ಹೆಚ್ಚೆಂದರೆ ಐದು ಪೂರ್ಣ ಮರ್ದನಗಳನ್ನು ಮಾಡಬಲ್ಲುವು. ಅದಕ್ಕೆ ಮೀರಿದರೆ ಹೆಬ್ಬೆರಳಿನ ಬುಡವೂ ಮಣಿಕಟ್ಟೂ ಕೆಲವೇ ವರ್ಷಗಳಲ್ಲಿ ಸವೆದುಹೋಗುತ್ತವೆ. ಬೆಂಗಳೂರಿನಲ್ಲಿ ಅವನಿಂದ ದಿನಕ್ಕೆ ಎಂಟು ಮಾಡಿಸುತ್ತಿದ್ದರಂತೆ. ಬಲಗೈಯ ಹೆಬ್ಬೆರಳನ್ನು ಅವನು ನಮಗೆ ತೋರಿಸಿದನು, ಪೆನ್ಸಿಲನ್ನು ಗಟ್ಟಿಯಾಗಿ ಹಿಡಿಯುವುದು ಅವನಿಗೆ ಕಷ್ಟ. ಹೆಬ್ಬೆರಳಿಗೆ ಬದಲಾಗಿ ಮುಂಗೈಯನ್ನೂ ಮೈಭಾರವನ್ನೂ ಉಪಯೋಗಿಸಬೇಕು, ನಡುವೆ ಕಾಲು ಗಂಟೆ ಬಿಡುವಿರಬೇಕು. ದಿನಕ್ಕೆ ನಾಲ್ಕರಂತೆ ೨೫ ದಿನಗಳಿಗೆ ೧೦೦. ಖರ್ಚು ಕಳೆದು ೨೨,೫೦೦. ಇದೇ ಒಬ್ಬನ ದುಡಿಮೆಯ ಮೇಲ್ಮಿತಿ. ಹೆಂಡತಿಯೂ ಸೇರಿದ ಮೇಲೆ ಮಾತ್ರ ಇದು ಏರೀತು. ಮೊದಲ ಆರು ತಿಂಗಳು ೩೪ರ ಗಡಿಯನ್ನು ಮುಟ್ಟದೆ ಹೋದರೂ ಮನೆ ನಡೆಯಬೇಕಾದುದರಿಂದ, ಅವನು ಕೂಡಿಟ್ಟಿದ್ದ ೬೦,೦೦೦ ರೂಪಾಯಿಯನ್ನು ಮೂಲಧನಕ್ಕೆ ಹಾಕದೆ ಹಾಗೆಯೇ ಇಡಿಸಿದೆವು.

ಸಾಲಕ್ಕೆ ಹೊಲವನ್ನು ಒತ್ತೆಯಿಡುವ ಅಗತ್ಯವಿಲ್ಲ. ೨೦೧೫ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ ಸಣ್ಣ ಉದ್ಯೋಗಗಳಿಗೆ ಬ್ಯಾಂಕುಗಳು ಒತ್ತೆಯಿಲ್ಲದೆ ಸಾಲ ಕೊಡಬೇಕೆಂಬ ನಿಯಮವುಂಟು. ೫೦,೦೦೦ದವರೆಗೆ ಶಿಶು, ಅಲ್ಲಿಂದ ೫ ಲಕ್ಷದವರೆಗೆ ಕಿಶೋರ ಎಂದು ಅದರ ವರ್ಗಗಳು. ಇವನದು ಎರಡನೆಯದಕ್ಕೆ ಸೇರುತ್ತದೆ. ಬ್ಯಾಂಕಿನವರು ಯೋಜನೆಯ ಬರಹವನ್ನು ಕೇಳುತ್ತಾರೆ. ಅದನ್ನು ಬರೆಯಲು ಬಾರದವರಿಗೆ ಒಳ್ಳೆಯ ಆಶ್ರಯವೊಂದಿದೆ. ೧೯೮೨ರಲ್ಲಿ ಧರ್ಮಸ್ಥಳದ ಸಂಸ್ಥೆಯೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೂ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿದರು. ಹಳ್ಳಿಯ ತರುಣರಿಗೆ ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು ಸ್ವಂತ ಉದ್ಯೋಗದ ಲೆಕ್ಕಾಚಾರವನ್ನು ಕಲಿಸುವ ಆ ಕ್ರಮವು ಫಲಿಸಿದ್ದನ್ನು ಕಂಡು, ಅನಂತರ ಅದೇ ಮಾದರಿಯ ಸಂಸ್ಥೆಗಳನ್ನು ಜಿಲ್ಲೆಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಸ್ಥಾಪಿಸುವ ಯೋಜನೆ ಬಂದಿತು. ಕನ್ನಡನಾಡಿನಲ್ಲಿ ಹುಟ್ಟಿದ ಆಲೋಚನೆಯೊಂದು ದೇಶಕ್ಕೆಲ್ಲ ಮಾದರಿಯಾದುದನ್ನು ನಮ್ಮವರೇ ಅಷ್ಟಾಗಿ ಅರಿಯರು.

ಇಷ್ಟೆಲ್ಲವನ್ನೂ ಬರೆದ ಮೇಲೆ, ಯಾರನ್ನು ಮುಟ್ಟದೆ ಹಿಂದಕ್ಕೆ ಕಳುಹಿಸಬೇಕೆಂಬ ಪಟ್ಟಿಯನ್ನು ನಾವು ಕೇಳಿದೆವು. ಅವನಲ್ಲಿ ಅದಿರಲಿಲ್ಲ. ಇಲ್ಲಿ ನಾವು ಸ್ವಲ್ಪ ಕಠಿನರಾದೆವು. ಒಂದೇ ಕಾಲಿನ ಮೀನಖಂಡವು ಊದಿ, ಬೆಚ್ಚಗಾಗಿ, ಮುಟ್ಟಿದರೆ ನೋಯುತ್ತಿರುವವನು ಬಂದನೆನ್ನಿ. ಬಹುದಿನ ಹಾಸಿಗೆ ಹಿಡಿದಿದ್ದವರಿಗೂ, ಶಸ್ತ್ರಕ್ರಿಯೆಯಾದವರಿಗೂ, ದೂರ ಪ್ರಯಾಣ ಮಾಡಿದವರಿಗೂ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ನೋವಿದೆಯೆಂದು ಅದನ್ನು ತಿಕ್ಕಿದರೆ ಹೆಪ್ಪಿನ ತುಂಡು ಕಳಚಿ ಶ್ವಾಸಕೋಶಕ್ಕೆ ಹೋಗಿ ಸೇರಿ ಪ್ರಾಣಕ್ಕೇ ಅಪಾಯವಾಗಬಹುದು. ಎಣ್ಣೆ ಹಚ್ಚಿದ ಕೈ ಕೊಲೆಗಾರನ ಕೈಯಾಗುವುದು ಹೀಗೆ. ಸೊಂಟದ ನೋವಿನೊಡನೆ ಕಾಲಿನಲ್ಲಿ ಬಲ ಕುಂದುತ್ತಿದ್ದರೆ, ಅಥವಾ ಮಲಮೂತ್ರಗಳ ಹಿಡಿತ ತಪ್ಪಿದ್ದರೆ, ಆ ಕ್ಷಣದಲ್ಲಿ ಆಸ್ಪತ್ರೆಗೆ ಕಳುಹಿಸಬೇಕು. ಒಂದು ದಿನದ ವಿಳಂಬವು ಜೀವನಪರ್ಯಂತದ ಊನವಾದೀತು. ಜ್ವರ, ಚರ್ಮದ ಸೋಂಕು, ಹೊಸದಾಗಿ ಮುರಿದ ಮೂಳೆ, ಇವಿದ್ದವರಿಗೆ ಮರ್ದನವಿಲ್ಲ. ರಕ್ತ ತೆಳುವಾಗಲು ಮಾತ್ರೆ ನುಂಗುವವರು, ಗರ್ಭಿಣಿಯರು, ಅರ್ಬುದ ರೋಗದವರು, ಮೂಳೆ ಟೊಳ್ಳಾದ ವೃದ್ಧರು ವೈದ್ಯರ ಚೀಟಿಯನ್ನು ತಂದರೆ ಮಾತ್ರ ಉಂಟು. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಬಿಸಿ ಎಣ್ಣೆಯೂ ಶಾಖವೂ ಬೇಡ. ಸುಟ್ಟರೂ ಅವರಿಗೆ ತಿಳಿಯದು. ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ನೆಟಿಕೆ ತೆಗೆಯುವ ಅಭ್ಯಾಸವು ಕ್ಷೌರದಂಗಡಿಗಳಿಂದ ಹಿಡಿದು ಎಲ್ಲೆಡೆಯೂ ಇದೆ. ಮಿದುಳಿಗೆ ಹೋಗುವ ರಕ್ತನಾಳ ಅದರಿಂದ ಒಳಗೇ ಹರಿದು ಪಾರ್ಶ್ವವಾಯು ಬಡಿದ ನಿದರ್ಶನಗಳು ವೈದ್ಯಗ್ರಂಥಗಳಲ್ಲಿವೆ. ಗಿರಾಕಿಯು ಎಷ್ಟು ಬೇಡಿದರೂ ಅದನ್ನು ಮಾಡಕೂಡದು.

ಮರ್ದನದಿಂದ ಆಗುವ ಉಪಕಾರವನ್ನೂ ಇದ್ದಷ್ಟೇ ಹೇಳಬೇಕು. ಹಳೆಯ ಸೊಂಟನೋವಿಗೆ ಇದು ಕೆಲಕಾಲದ ಉಪಶಮನವನ್ನು ಕೊಡುತ್ತದೆ; ನೋವನ್ನು ಬೇರುಸಹಿತ ಕೀಳುತ್ತದೆಯೆನ್ನಲು ಗಟ್ಟಿಯಾದ ಆಧಾರವಿಲ್ಲ. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ನಮ್ಮ ಬೆನ್ನು ಹಿಡಿದಿದ್ದಾಗ, ಒಬ್ಬ ಮಹಾಶಯರು ಏಳು ದಿನಗಳಲ್ಲಿ ಗುಣವೆಂದು ಹೇಳಿ ಇಪ್ಪತ್ತೊಂದು ದಿನಗಳ ಹಣವನ್ನು ಮುಂಗಡವಾಗಿ ಪಡೆದರು. ಪ್ರತಿ ದಿನವೂ ಎರಡು ಗಂಟೆ ಸುಖವಾಗಿತ್ತು. ಮೂರನೆಯ ಗಂಟೆಗೆ ನೋವು ತನ್ನ ಸ್ಥಾನಕ್ಕೆ ಬಂದು ಕುಳಿತಿರುತ್ತಿತ್ತು. ಎರಡು ಗಂಟೆಯ ಸುಖವೆಂದೇ ಅವರು ಹೇಳಿದ್ದರೆ ನಾವು ಈಗಲೂ ಸಂತೋಷದಿಂದ ಹೋಗುತ್ತಿದ್ದೆವು. ಆದುದರಿಂದ ಮುಂಗಡದ ಕಟ್ಟುಗಳನ್ನು ಮಾರದೆ, ಬಂದ ದಿನಕ್ಕೆ ಬಂದ ಹಣವನ್ನು ತೆಗೆದುಕೊಳ್ಳುವಂತೆ ಅವನಿಗೆ ಹೇಳಿದೆವು. ಒಂದು ಪುಸ್ತಕದಲ್ಲಿ ಹೆಸರು, ವಯಸ್ಸು, ಇರುವ ರೋಗಗಳು, ತೆಗೆದುಕೊಳ್ಳುವ ಮಾತ್ರೆಗಳು, ಮಾಡಿದ ಕೆಲಸ, ಹಿಂದಕ್ಕೆ ಕಳುಹಿಸಿದ್ದರೆ ಅದರ ಕಾರಣ, ಇವನ್ನು ಬರೆದಿಡಬೇಕು. ಆ ಪುಸ್ತಕವನ್ನು ಬೇರೆ ಗಿರಾಕಿಗಳು ನೋಡದಂತೆ ಬೀರುವಿನಲ್ಲಿಡಬೇಕು. ಹಿರೇಕೆರೂರಿನ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೂ ಹತ್ತಿರದ ಆಯುರ್ವೇದ ವೈದ್ಯರನ್ನೂ ಬಾಗಿಲು ತೆರೆಯುವ ಮುಂಚೆಯೇ ಕಂಡು, ತಾನು ಏನನ್ನು ಮಾಡುವುದಿಲ್ಲವೆಂಬುದನ್ನು ತಿಳಿಸಿ ಬರಬೇಕು. ವೈದ್ಯರು ಮನಸ್ಸಿಗೆ ಬಂದರೆ ಜನರನ್ನು ಕಳುಹಿಸಿಯಾರು. ಕಳುಹಿಸದಿದ್ದರೂ, ಅವನು ಕಳುಹಿಸಿದವರನ್ನು ನೋಡಿಯಾರು.

ಆರಂಭಕ್ಕೆ ಕಾಲವನ್ನೂ ನೋಡಬೇಕು. ಮುಂಗಾರಿನ ಬಿತ್ತನೆಯ ಸಮಯದಲ್ಲಿ ರೈತನಿಗೆ ಬಿಡುವೂ ಇಲ್ಲ, ಕೈಯಲ್ಲಿ ಕಾಸೂ ಇಲ್ಲ. ಆಷಾಢದಲ್ಲಿ ಯಾರೂ ಹೊಸ ಕೆಲಸ ತೊಡಗುವುದೂ ಇಲ್ಲ. ಗೋವಿನಜೋಳ ಮನೆಗೆ ಬರುವ ಕಾಲ, ಚಳಿಗೆ ಕೀಲುಗಳು ಹಿಡಿಯುವ ಕಾಲ, ಎರಡೂ ದೀಪಾವಳಿಯ ಆಚೆಗೆ. ನರಕಚತುರ್ದಶಿಯ ಎಣ್ಣೆಸ್ನಾನದ ದಿನ ಇಡೀ ನಾಡೇ ಅಭ್ಯಂಗ ಮಾಡಿಕೊಳ್ಳುತ್ತದೆ. ಅದಕ್ಕಿಂತ ಒಳ್ಳೆಯ ಜಾಹೀರಾತನ್ನು ಯಾರು ಬರೆದಾರು? ಅದರ ಹಿಂದೆಯೇ ಹಾವೇರಿಯ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬಗಳು ಬರುತ್ತವೆ. ಕೊಬ್ಬರಿಯ ಹಾರಕ್ಕೆ ಕೈಹಾಕಿ ಬಿದ್ದ ಹುಡುಗರು ಮ್ಯಾಲ ಬಿದ್ದೀನ್ರಿ, ಸ್ವಲ್ಪ ತಿಕ್ಕ್ರಿ ಎಂದು ಬರುವುದು ನಿಶ್ಚಯ. ಮೂಳೆಯ ಚಿತ್ರ ತೆಗೆಸಿಕೊಂಡು ಬಾ ಎಂದು ಅವರನ್ನು ಮೊದಲ ವಾರದಲ್ಲಿಯೇ ಹಿಂದಕ್ಕೆ ಕಳುಹಿಸುವ ಧೈರ್ಯ ಅವನಿಗಿರಬೇಕು.

ಮೊನ್ನೆ ಅವನ ಕಾಗದ ಬಂದಿತು. ಬ್ಯಾಂಕಿನವರು ಒತ್ತೆಯಿಲ್ಲದೆ ಸಾಲವನ್ನು ಮಂಜೂರು ಮಾಡಿದ್ದಾರೆ. ಹೊಲದ ಉತಾರ ತಾಯಿಯ ಪೆಟ್ಟಿಗೆಯಲ್ಲಿಯೇ ಇದೆ. ಮುಂದಿನ ಕೋಣೆಯಲ್ಲಿ ಕೂರಲು ಆಕೆಯೇ ಒಪ್ಪಿದ್ದಾಳೆ. ಹಲಗೆಯಲ್ಲಿ ಗಂಡಸರ ವೇಳೆ ಬೆಳಿಗ್ಗೆ ೬ರಿಂದ ೧೦, ಸಂಜೆ ೫ರಿಂದ ೮ ಎಂದು ಬರೆಸಿದ್ದಾನೆ. ಹೆಂಗಸರ ವೇಳೆ ಎಂಬುದರ ಮುಂದೆ ಜಾಗವನ್ನು ಖಾಲಿ ಬಿಟ್ಟಿದ್ದಾನೆ. ಹೆಂಡತಿಯ ಶಿಕ್ಷಣ ಮುಗಿಯಲು ಇನ್ನೂ ಎರಡು ತಿಂಗಳುಂಟು. ಆದರೆ ನೆರೆಮನೆಯ ಮೂವರು ಆಗಲೇ ಬಂದು, ನಮ್ಮ ಸರದಿ ಎಂದು ಅಂತ ಅವ್ವನನ್ನು ಕೇಳಿ ಹೋಗಿದ್ದಾರಂತೆ.